ಇಡೀ ಭ್ರೂಣ ಅರೆದು ಡಿಎನ್‌ಎ ಏಣಿ ತೆಗೆದದ್ದು: ನನ್ನ ಅನುಭವ

ಹಣ್ಣುನೊಣದ ಭ್ರೂಣಗಳನ್ನು ಇಡಿಯಾಗಿ ಅರೆದು, ಸಾಯುವ ಕೋಶದಲ್ಲಿ ಕ್ಯಾಡ್ ಎಂಬ ಕಿಣ್ವ ಕತ್ತರಿಸಿದ ಡಿಎನ್ಎ ತುಂಡುಗಳ ಏಣಿಯನ್ನು ಜೆಲ್ ಮೇಲೆ ತೋರಿಸುತ್ತೇನೆ ಎಂದಾಗ ನಮ್ಮ ಲ್ಯಾಬಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅರೆದ ಮೇಲೆ ಏಣಿ ಎಲ್ಲಿಂದ ಬರುತ್ತೆ? ಸ್ಮಿಯರ್ ಬರುತ್ತೆ ಅಷ್ಟೇ. ಸುಮ್ನೆ ಟನೆಲ್ ಕಿಟ್ ತರಿಸಿ" ಎಂದರು ಒಬ್ಬ ಸೀನಿಯರ್. (ಸ್ಮಿಯರ್ ಎಂದರೆ ಅಡ್ಡಾದಿಡ್ಡಿ ಉದ್ದದ ತುಂಡುಗಳ ಮಸುಕು ಪಟ್ಟೆ. ಟನೆಲ್ ಎಂದರೆ ಸಾಯುತ್ತಿರುವ ಕೋಶಗಳನ್ನು ಅವು ಇರುವ ಜಾಗದಲ್ಲೇ ಗುರುತಿಸುವ ಪರೀಕ್ಷೆ.) ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಮೊದಲ ಕೆಲವು ತಿಂಗಳು ನನಗೆ ಬಂದದ್ದು ಬರೀ ಸ್ಮಿಯರ್. ಈಗ ಬರುತ್ತಿರುವುದು ಆರೇಳು ಮೆಟ್ಟಿಲು ಎಣಿಸಬಹುದಾದ ಏಣಿ. ಅದೂ ಟನೆಲ್ ಕಿಟ್‌ನ ಹತ್ತರಲ್ಲಿ ಒಂದು ಭಾಗ ಖರ್ಚಿನಲ್ಲಿ. ಬೇರೆ ಯಾರಾದರೂ ಇದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನೊಣ ಸಾಕುವುದು, ಡಿಎನ್‌ಎ ತೆಗೆಯುವುದು, ಪಿಸಿಆರ್ ಮಾಡುವುದು ನಿಮಗೆ ಗೊತ್ತು ಎಂದುಕೊಂಡೇ ಮುಂದೆ ಹೋಗುತ್ತೇನೆ.

ನನಗೆ ತೋರಿಸಬೇಕಿದ್ದ ವಿಷಯ ಇದು. ಕ್ಯಾಡ್ ಎಂಬ ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಜೀವಕೋಶ ಬದುಕಿರುವಾಗಲೇ ತಯಾರಿಸಿ ಇಟ್ಟುಕೊಂಡಿರುತ್ತದೆ. ಅದು ಸುಮ್ಮನಿರುವುದು ಐಕ್ಯಾಡ್ ಎಂಬ ಜೊತೆಗಾರ ಪ್ರೊಟೀನ್ ಹಿಡಿದುಕೊಂಡಿರುವುದರಿಂದ. ನೊಣದಲ್ಲಿ ಈ ಎರಡಕ್ಕೆ ಡ್ರೆಪ್‌-4, ಡ್ರೆಪ್‌-1 ಎಂಬ ಹೆಸರೂ ಇದೆ. ಕೋಶ ಸಾಯುವ ಹೊತ್ತಿಗೆ, ಆ ಸಾವನ್ನು ನಡೆಸುವ ಕ್ಯಾಸ್ಪೇಸ್ ಎಂಬ ಪ್ರೊಟೀನ್ ಕತ್ತರಿಸುವ ಕಿಣ್ವ ಬಂದು ಐಕ್ಯಾಡನ್ನು ತುಂಡು ಮಾಡುತ್ತದೆ. ನೊಣದ ಕ್ಯಾಡ್ ಕೆಲಸಕ್ಕೆ ಇಳಿಯಬೇಕಾದರೆ ಅದಕ್ಕೂ ಕ್ಯಾಸ್ಪೇಸಿನಿಂದ ಒಂದು ಕಡಿತ ಬೀಳಬೇಕು. ಆಮೇಲೆ ಅದು ನ್ಯೂಕ್ಲಿಯೊಸೋಮುಗಳ (ಡಿಎನ್ಎ ಸುತ್ತಿಕೊಂಡಿರುವ ಪ್ರೊಟೀನ್ ಉಂಡೆಗಳ) ನಡುವೆ ಕತ್ತರಿಸುತ್ತಾ ಹೋಗುತ್ತದೆ. 180–200 ಬೇಸ್‌ಪೇರ್‌ನ ಲೆಕ್ಕದಲ್ಲಿ ತುಂಡುಗಳು ಬೀಳುತ್ತವೆ. ಅದೇ ಏಣಿ.

ಹಾಗಾದರೆ ಐಕ್ಯಾಡ್ ಇಲ್ಲದ ನೊಣದಲ್ಲಿ ಏನಾಗಬೇಕು? ಹೊಸಬರನ್ನು ಕೇಳಿದರೆ "ಡಿಎನ್‌ಎ ಎಲ್ಲಾ ಪುಡಿಪುಡಿ" ಎನ್ನುತ್ತಾರೆ. ಆಗುವುದು ಪೂರ್ತಿ ಉಲ್ಟಾ. ಏಣಿಯೇ ಇರುವುದಿಲ್ಲ. ಏಕೆಂದರೆ ಐಕ್ಯಾಡ್ ಬರೀ ಕಾವಲುಗಾರ ಅಲ್ಲ. ಕ್ಯಾಡ್ ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವುದೇ ಅದರ ಕೈಹಿಡಿದು. ಒರೆ ಇಲ್ಲದಿದ್ದರೆ ಚಾಕುವೇ ತಯಾರಾಗದ ಹಾಗೆ ಏರ್ಪಾಡು. ಕಾವಲು ಇಲ್ಲದ ಕ್ಯಾಡ್ ಕೋಶದೊಳಗೆ ಒಂದು ಕ್ಷಣವೂ ಓಡಾಡಬಾರದು ಎಂದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಷ್ಟು ವರ್ಷ ಇದರ ಜೊತೆ ಕೆಲಸ ಮಾಡಿದ ಮೇಲೂ ನನಗೆ ಇದು ಆಶ್ಚರ್ಯವೇ.

ಇದನ್ನು ನಾನು ಕಂಡುಹಿಡಿದದ್ದಲ್ಲ. 1998ರಲ್ಲಿ ಜಪಾನಿನ ವಿಜ್ಞಾನಿ ಶಿಗೆಕಾಜು ನಗಾಟಾ ಅವರ ಗುಂಪು ಇಲಿಯ ಕ್ಯಾಡ್, ಐಕ್ಯಾಡ್ ತೋರಿಸಿತು. 2002ರಲ್ಲಿ ಅದೇ ಗುಂಪು ಐಕ್ಯಾಡ್ ಇಲ್ಲದ ನೊಣವನ್ನೂ ಮಾಡಿತು. ಆ ನೊಣದಲ್ಲಿ ಕ್ಯಾಡ್ ಕಾಣಲಿಲ್ಲ, ಭ್ರೂಣದಲ್ಲೂ ಅಂಡಾಶಯದಲ್ಲೂ ಏಣಿ ಬರಲಿಲ್ಲ. ನನ್ನ ಹಠ ಇದ್ದದ್ದು ಬೇರೆ: ಸಣ್ಣ ಲ್ಯಾಬಿನಲ್ಲಿ, ಇನ್ನೂರರ ಆಸುಪಾಸು ಮೊಟ್ಟೆಯಲ್ಲಿ, ಸಾಮಾನ್ಯ ಅಗರೋಸ್ ಜೆಲ್ಲಿನಲ್ಲಿ ಇದನ್ನು ಯಾರು ನೋಡಿದರೂ ಒಪ್ಪುವಂತೆ ತೋರಿಸಬೇಕು. ಜೊತೆಗೆ, ಆ ಏಣಿ ಕೋಶ ಮಾಡಿದ್ದು, ನನ್ನ ಒನಕೆ ಮಾಡಿದ್ದಲ್ಲ ಎಂದು ಸಾಬೀತು ಮಾಡಬೇಕು.

ಕಷ್ಟ ಇರುವುದೇ ಈ ಎರಡನೆಯದರಲ್ಲಿ. ಟ್ಯೂಬಿನಲ್ಲಿ ಪ್ಲಾಸ್ಟಿಕ್ ಒನಕೆ ಹಾಕಿ ತಿರುಗಿಸಿದ ಕ್ಷಣ ಲೈಸೋಸೋಮುಗಳು (ಕೋಶದ ಜೀರ್ಣದ ಚೀಲಗಳು) ಒಡೆಯುತ್ತವೆ. ಅದರೊಳಗಿನ ಡಿಎನ್ಎ ಕತ್ತರಿಸುವ ಕಿಣ್ವ ಡಿಎನ್‌ಎಸ್‌-2 ಹೊರಗೆ ಬರುತ್ತದೆ. ಲಾರ್ವಾ ಬಳಸಿದರೆ ಕರುಳಿನ ಕಿಣ್ವಗಳೂ ಸೇರಿಕೊಳ್ಳುತ್ತವೆ. ಅದಕ್ಕೇ ನಾನು ಲಾರ್ವಾ ಬಿಟ್ಟು ಭ್ರೂಣಕ್ಕೆ ಬಂದೆ. ತಿನ್ನುವುದು ಶುರುವಾಗಿರುವುದಿಲ್ಲ, ಕರುಳಿನ ಕಾಟ ಕಡಿಮೆ. ಮೊಟ್ಟೆ ಇಟ್ಟು ಸುಮಾರು ಏಳು ಗಂಟೆಯ ಹೊತ್ತಿಗೆ ಭ್ರೂಣದಲ್ಲಿ ತಾನಾಗಿಯೇ ಕೋಶಗಳು ಸಾಯಲು ಶುರುವಾಗುತ್ತವೆ. ಹಾಗಾಗಿ ವಿಕಿರಣದ ಯಂತ್ರವೂ ಬೇಕಿಲ್ಲ. ನಾನು ಎಂಟರಿಂದ ಹದಿನಾರು ಗಂಟೆಯ ಮೊಟ್ಟೆ ತೆಗೆದುಕೊಳ್ಳುತ್ತೇನೆ.

ಇಡಿಟಿಎ ಹಾಕಿದರೆ ಎಲ್ಲಾ ನ್ಯೂಕ್ಲಿಯೇಸ್ (ಡಿಎನ್ಎ ಕತ್ತರಿಸುವ ಕಿಣ್ವ) ನಿಂತುಹೋಗುತ್ತದೆ ಎಂದು ನಂಬಿರುವವರು ಬಹಳ ಜನ. ಇಡಿಟಿಎ ಮೆಗ್ನೀಶಿಯಂ ಹಿಡಿದುಕೊಳ್ಳುತ್ತದೆ. ಮೆಗ್ನೀಶಿಯಂ ಬೇಕಾದ ಕಿಣ್ವಗಳು ನಿಲ್ಲುತ್ತವೆ, ಸರಿ. ಆದರೆ ಡಿಎನ್‌ಎಸ್‌-2ಗೆ ಲೋಹದ ಅಯಾನೇ ಬೇಕಿಲ್ಲ. ಅದಕ್ಕೆ ಬೇಕಾದದ್ದು ಹುಳಿ ಪಿಎಚ್. ಹಾಗಾಗಿ ಇಡಿಟಿಎ ಎಷ್ಟು ಸುರಿದರೂ ಅದು ಕೇರ್ ಮಾಡುವುದಿಲ್ಲ. ನಮ್ಮಲ್ಲಿ ಮೊದಲು ಮೊಟ್ಟೆಗಳನ್ನು ಪಿಬಿಎಸ್‌ನಲ್ಲಿ ಅರೆದು, ಆಮೇಲೆ ಲೈಸಿಸ್ ಬಫರ್ ಹಾಕುವ ರೂಢಿ ಇತ್ತು. ಆ ಮಧ್ಯದ ಒಂದೆರಡು ನಿಮಿಷದಲ್ಲೇ ಕಥೆ ಮುಗಿಯುತ್ತಿತ್ತು. ಈಗ ನೇರವಾಗಿ ಬಿಸಿ ಬಫರಿನಲ್ಲೇ ಅರೆಯುತ್ತೇನೆ: ಟ್ರಿಸ್ ಪಿಎಚ್ 9, ಇಡಿಟಿಎ 100 ಮಿಲಿಮೋಲಾರ್, ಎಸ್‌ಡಿಎಸ್ 1 ಪರ್ಸೆಂಟ್. ಅರೆದ ತಕ್ಷಣ 65 ಡಿಗ್ರಿ. ಆಮೇಲೆ ಪ್ರೊಟಿನೇಸ್ ಕೆ. ಅರೆಯುವ ಮೊದಲು ಮೊಟ್ಟೆಗಳಿಗೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದು ನಮ್ಮ ಪೇಪರ್ ಹೊರಬರುವ ತನಕ ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಏಣಿ ಬರುತ್ತದೆ, ಹಿನ್ನೆಲೆ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೇ.

ಕಾಲಂ ಕಿಟ್ ಮುಟ್ಟಬೇಡಿ. ದೊಡ್ಡ ಡಿಎನ್‌ಎಗೆ ಅಂತ ಮಾಡಿರುವ ಹಲವು ಕಾಲಂಗಳಲ್ಲಿ ಸಣ್ಣ ತುಂಡುಗಳು ತೊಳೆದುಹೋಗುತ್ತವೆ. ನಮಗೆ ಬೇಕಾದ ಮೊದಲ ಮೆಟ್ಟಿಲೇ 200ರ ಕೆಳಗೆ ಇದೆ, ಅಲ್ವಾ? ಫಿನಾಲ್–ಕ್ಲೋರೋಫಾರ್ಮ್, ಎಥನಾಲ್, ಮುಗಿಯಿತು. ವಾಸನೆ ಸಹಿಸಿಕೊಳ್ಳಬೇಕು.

ಆರ್‌ಎನ್‌ಎಸ್ (ಆರ್ಎನ್ಎ ಒಡೆಯುವ ಕಿಣ್ವ) ವಿಷಯದಲ್ಲೂ ಒಂದು ಮಾತು. ಹಳೆಯ ಪುಡಿಯಿಂದ ಮಾಡಿದ ಆರ್‌ಎನ್‌ಎಸ್‌ನಲ್ಲಿ ಡಿಎನ್‌ಎಸ್ ಬೆರೆತಿರುವುದು ಉಂಟು. ಹತ್ತು ಹದಿನೈದು ನಿಮಿಷ ಕುದಿಸಿ ಬಳಸಿ. ಒಂದು ಇಡೀ ಬ್ಯಾಚಿನ ಡಿಎನ್‌ಎ ನಮ್ಮಲ್ಲಿ ಹೋದದ್ದು ಈ ಕಾರಣಕ್ಕೆ. ತಿಂಗಳುಗಟ್ಟಲೆ ಹೆಕ್ಕಿದ ಎಚ್‌99 ಭ್ರೂಣಗಳು ಅದರಲ್ಲೇ ಇದ್ದವು.

ಎಚ್‌99 ಬಗ್ಗೆ ಹೇಳಲೇಬೇಕು. ಕೋಶದ ಸಾವನ್ನು ಶುರು ಮಾಡುವ ರೀಪರ್, ಹಿಡ್, ಗ್ರಿಮ್ ಮೂರೂ ಜೀನ್ ಹಾರಿಹೋದ ಡಿಲೀಷನ್ ಅದು. ಎರಡೂ ಪ್ರತಿ ಕಳೆದುಕೊಂಡ ಭ್ರೂಣದಲ್ಲಿ ಕೋಶಗಳ ಸಾವೇ ನಡೆಯುವುದಿಲ್ಲ ಎನ್ನುವಷ್ಟು ಕಡಿಮೆ. ಏಣಿ ಬರಬಾರದ ಭ್ರೂಣ ಎಂದರೆ ಇದೇ. ತೊಂದರೆ ಏನೆಂದರೆ, ಬ್ಯಾಲೆನ್ಸರ್ (ಡಿಲೀಷನ್ ಕಳೆದುಹೋಗದಂತೆ ಜೊತೆಗೆ ಇಡುವ ಕ್ರೋಮೋಸೋಮ್) ಸ್ಟಾಕಿನಲ್ಲಿ ನಾಲ್ಕರಲ್ಲಿ ಒಂದು ಮಾತ್ರ ನಮಗೆ ಬೇಕಾದದ್ದು. ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೊಟೀನ್) ಇರುವ ಬ್ಯಾಲೆನ್ಸರ್ ಇಟ್ಟು, ಹೊಳೆಯದ ಮೊಟ್ಟೆಯನ್ನು ಹೆಕ್ಕಬೇಕು. ಆದರೆ ಹಳದಿ ಭಾಗ ತಾನೇ ಸ್ವಲ್ಪ ಹೊಳೆಯುತ್ತದೆ. ಮಸುಕಾಗಿ ಹೊಳೆಯುವ ಮೊಟ್ಟೆ ಯಾವ ಗುಂಪಿಗೆ ಸೇರಿದ್ದು ಎಂದು ತೀರ್ಮಾನಿಸುವುದರಲ್ಲೇ ಕಣ್ಣು ಸೋತುಹೋಗುತ್ತದೆ. ಬ್ಲೀಚಿನಲ್ಲಿ ಮೊಟ್ಟೆಯ ಹೊರ ಸಿಪ್ಪೆ ಕೋರಿಯಾನ್ ತೆಗೆದು, ಸ್ವಲ್ಪ ವಯಸ್ಸಾದ ಮೇಲೆ ಹೆಕ್ಕಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅನುಮಾನ ಬಂದದ್ದನ್ನು ಎಸೆಯಿರಿ. ಒಂದು ತಪ್ಪು ಮೊಟ್ಟೆ ಸೇರಿದರೂ ಪಿಸಿಆರ್ ಅದನ್ನು ಹಿಡಿದುಬಿಡುತ್ತದೆ.

ಐಕ್ಯಾಡ್ ಮ್ಯೂಟೆಂಟಿನಲ್ಲಿ ಈ ತಲೆನೋವು ಇಲ್ಲ. ಎರಡೂ ಪ್ರತಿ ಇಲ್ಲದಿದ್ದರೂ ನೊಣ ಬದುಕುತ್ತದೆ. ಸ್ಟಾಕ್ ಹಾಗೇ ಇಟ್ಟುಕೊಂಡು ಬೇಕಾದಷ್ಟು ಮೊಟ್ಟೆ ತೆಗೆಯಬಹುದು.

ಇಷ್ಟೆಲ್ಲಾ ಸರಿಮಾಡಿದ ಮೇಲೆ ಸ್ಮಿಯರ್ ಕಡಿಮೆಯಾಯಿತು, ನಿಜ. ಏಣಿ ಮಾತ್ರ ಕಾಣಲಿಲ್ಲ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಇನ್ನೂರು ಭ್ರೂಣದಿಂದ ನನಗೆ ಸಿಗುವುದು ಒಂದೆರಡು ಮೈಕ್ರೋಗ್ರಾಂ. ಅದರಲ್ಲಿ ಆ ಹೊತ್ತಿಗೆ ಸಾಯುತ್ತಿರುವ ಕೋಶಗಳ ಪಾಲು ಬಹಳ ಸಣ್ಣದು. ಆ ಪಾಲು ಮತ್ತೆ ಹತ್ತಾರು ಮೆಟ್ಟಿಲುಗಳಿಗೆ ಹಂಚಿಹೋಗುತ್ತದೆ. ಬಣ್ಣ ಹಾಕಿದ ಜೆಲ್ಲಿನಲ್ಲಿ ಕಣ್ಣಿಗೆ ಬೀಳುವಷ್ಟು ಉಳಿಯುವುದಿಲ್ಲ. ಮೊಟ್ಟೆ ಜಾಸ್ತಿ ಹಾಕಿದರೆ ದೊಡ್ಡ ಡಿಎನ್‌ಎಯ ಹೊಳಪು ಲೇನನ್ನೇ ನುಂಗುತ್ತದೆ.

ಆಗ ತುಂಡುಗಳ ತುದಿಗೆ ಅಡಾಪ್ಟರ್ (ಅನುಕ್ರಮ ಗೊತ್ತಿರುವ ಸಣ್ಣ ಡಿಎನ್ಎ) ಕೂಡಿಸಿ ಪಿಸಿಆರ್ ಮಾಡುವ ದಾರಿ ಹಿಡಿದೆ. ಎಲ್‌ಎಂ‌-ಪಿಸಿಆರ್ ಅಂತಾರಲ್ಲ, ಅದೇ. ಕೋಶಗಳ ಸಾವಿನ ಕೆಲಸದಲ್ಲಿ 1990ರ ದಶಕದಿಂದಲೇ ಇದೆ, ಈಗ ಯಾರೂ ಜಾಸ್ತಿ ಬಳಸುವುದಿಲ್ಲ. 24 ಬೇಸ್‌ನ ಒಂದು ಒಲಿಗೊ (ಸಣ್ಣ ಡಿಎನ್ಎ ಎಳೆ), ಅದಕ್ಕೆ ಜೋಡಿಯಾಗಿ ಕೂರುವ 12 ಬೇಸ್‌ನ ಇನ್ನೊಂದು. ಎರಡಕ್ಕೂ 5' ಫಾಸ್ಫೇಟ್ ಬೇಡ. ಫಾಸ್ಫೇಟ್ ಇಲ್ಲದ ಒಲಿಗೊ ಅಗ್ಗ, ನಮಗೆ ಬೇಕಾದದ್ದೂ ಅದೇ.

ಇದರ ಚಂದ ಇರುವುದು ತುದಿಗಳಲ್ಲಿ. ಕ್ಯಾಡ್ ಕತ್ತರಿಸಿದ ತುದಿಯಲ್ಲಿ 5' ಕಡೆ ಫಾಸ್ಫೇಟ್ ಉಳಿಯುತ್ತದೆ, 3' ಕಡೆ ಒಎಚ್. ಅವುಗಳಲ್ಲಿ ಬಹಳಷ್ಟು ಮೊಂಡು ತುದಿಗಳು, ಅಡಾಪ್ಟರ್ ನೇರವಾಗಿ ಕೂರುತ್ತದೆ. ಡಿಎನ್‌ಎಸ್‌-2 ಕತ್ತರಿಸಿದರೆ ಉಲ್ಟಾ: ಫಾಸ್ಫೇಟ್ 3' ಕಡೆ ಹೋಗುತ್ತದೆ, 5' ಕಡೆ ಬರೀ ಒಎಚ್. ತುಂಡುಗಳನ್ನು ಅಂಟಿಸುವ ಕಿಣ್ವ ಲೈಗೇಸ್ ಅದನ್ನು ಮುಟ್ಟುವುದಿಲ್ಲ. ಅಂದರೆ ನಾನು ಅರೆಯುವಾಗ ಡಿಎನ್‌ಎಸ್‌-2 ಎಷ್ಟೇ ಹಾಳು ಮಾಡಿದ್ದರೂ ಅದು ಪಿಸಿಆರ್‌ಗೆ ಕಾಣುವುದೇ ಇಲ್ಲ. ಸೀನಿಯರ್ ಹೇಳಿದ "ಅರೆದ ಮೇಲೆ" ಎಂಬ ತಕರಾರಿಗೆ ಉತ್ತರ ಇಲ್ಲಿತ್ತು.

ವಿಧಾನ ಹೀಗೆ. ಅರ್ಧ ಮೈಕ್ರೋಗ್ರಾಂನಷ್ಟು ಡಿಎನ್‌ಎ, ಎರಡೂ ಒಲಿಗೊ, ಲೈಗೇಸ್ ಬಫರ್. 55 ಡಿಗ್ರಿಗೆ ಒಯ್ದು, ಒಂದು ಗಂಟೆಯಲ್ಲಿ ನಿಧಾನಕ್ಕೆ 10ರ ಹತ್ತಿರ ಇಳಿಸುವುದು. ಆಮೇಲೆ ಲೈಗೇಸ್ ಹಾಕಿ ರಾತ್ರಿಯಿಡೀ 16 ಡಿಗ್ರಿ. ಬೆಳಿಗ್ಗೆ ನೀರು ಸೇರಿಸಿ ತೆಳು ಮಾಡಿ ಪಿಸಿಆರ್‌ಗೆ. ಒಲಿಗೊ ಮತ್ತು ಡಿಎನ್‌ಎ ಯಾವ ಪ್ರಮಾಣದಲ್ಲಿ ಎಂಬುದನ್ನು ನೀವೇ ಹುಡುಕಿಕೊಳ್ಳಿ. ಪ್ರತಿ ಲ್ಯಾಬಿನ ಡಿಎನ್‌ಎಗೂ ಅದು ಬೇರೆ, ನನ್ನದು ಸಿಕ್ಕಿದ್ದು ಬಹಳ ಒದ್ದಾಡಿದ ಮೇಲೆ.

ಹಣ ಹೆಚ್ಚು ಹೋದದ್ದು ಪಿಸಿಆರ್‌ನಲ್ಲಿ. ಒಳ್ಳೆಯ ಫಲ ಬರಲಿ ಎಂದು ದುಬಾರಿ ಹಾಟ್‌ಸ್ಟಾರ್ಟ್ ಟ್ಯಾಕ್ ತರಿಸಿದ್ದೆವು. ಆ ತ್ರೈಮಾಸಿಕದ ಕಿಣ್ವದ ಹಣದಲ್ಲಿ ಮೂರರಲ್ಲಿ ಒಂದು ಪಾಲು ಅದಕ್ಕೇ ಹೋಯಿತು. ಜೆಲ್ ಖಾಲಿ. ಮತ್ತೆ ಮಾಡಿದರೂ ಖಾಲಿ. ಪ್ರೈಮರ್ ಸರಿ, ಲೈಗೇಸ್ ಸರಿ, ಆರ್‌ಪಿ49 ಎಂಬ ಹೋಲಿಕೆಯ ಜೀನಿನ ಪಿಸಿಆರ್ ಅದೇ ಟ್ಯಾಕಿನಲ್ಲಿ ಚೆನ್ನಾಗಿ ಬರುತ್ತಿತ್ತು. ಏನು ನಡೆಯುತ್ತಿದೆ ಎಂದು ಕಾಗದದ ಮೇಲೆ ಎಳೆ ಎಳೆಯಾಗಿ ಬಿಡಿಸಿದಾಗ ಗೊತ್ತಾಯಿತು. 12 ಬೇಸ್‌ನ ಒಲಿಗೊಗೆ ಫಾಸ್ಫೇಟ್ ಇಲ್ಲ, ಅದು ಅಂಟಿರುವುದಿಲ್ಲ, ಬಿಸಿ ಮಾಡಿದರೆ ಬಿದ್ದುಹೋಗುತ್ತದೆ. ಅದು ಬಿದ್ದ ಜಾಗವನ್ನು 72 ಡಿಗ್ರಿಯಲ್ಲಿ ಟ್ಯಾಕ್ ತುಂಬಬೇಕು. ತುಂಬಿದರೆ ಮಾತ್ರ ಪ್ರೈಮರ್ ಕೂರುವ ಜಾಗ ಹುಟ್ಟುತ್ತದೆ. ಹಾಟ್‌ಸ್ಟಾರ್ಟ್ ಟ್ಯಾಕ್ 95 ಡಿಗ್ರಿ ಕಾಣುವ ತನಕ ಏಳುವುದಿಲ್ಲ. 95ಕ್ಕೆ ಹೋದರೆ ಎರಡು ಎಳೆಗಳೂ ಬಿಟ್ಟುಕೊಳ್ಳುತ್ತವೆ. ತುಂಬುವ ಕೆಲಸ ಆಗಿಯೇ ಇರುವುದಿಲ್ಲ. ಪ್ರೈಮರ್‌ಗೆ ಜಾಗವೇ ಇಲ್ಲ!

ಫ್ರೀಜರಿನ ಮೂಲೆಯಲ್ಲಿ ಸಾಮಾನ್ಯ ಟ್ಯಾಕ್ ಇತ್ತು, ಎಲ್ಲಕ್ಕಿಂತ ಅಗ್ಗದ್ದು. ಟ್ಯೂಬ್ 72ಕ್ಕೆ ಬಂದ ಮೇಲೆ ಅದನ್ನು ಹಾಕಿ, ಎಂಟು ನಿಮಿಷ ಹಾಗೇ ಬಿಟ್ಟೆ. ಆಮೇಲೆ 94ರಲ್ಲಿ ಒಂದು ನಿಮಿಷ, 72ರಲ್ಲಿ ಮೂರು ನಿಮಿಷ, 24 ಸುತ್ತು. ಮೊದಲ ಸಲವೇ ಏಣಿ ಬಂತು.

ಆ ಜೆಲ್ ನೋಡಿದವರು ಮೊದಲು ಹಾಕಿದ ತಕರಾರು: "ಕೆಳಗಿನ ಬ್ಯಾಂಡ್ 180ರಲ್ಲಿ ಇಲ್ಲವಲ್ಲ, 230ರಲ್ಲಿ ಇದೆ. ಇದು ನ್ಯೂಕ್ಲಿಯೊಸೋಮ್ ಅಲ್ಲ." ಎರಡು ತುದಿಗೂ 24 ಬೇಸ್ ಅಡಾಪ್ಟರ್ ಸೇರಿದೆ. 48 ಕೂಡಿಸಿ ನೋಡಿ. ಎಲ್ಲಾ ಮೆಟ್ಟಿಲೂ ಅಷ್ಟೇ ಮೇಲೆ ಸರಿದಿರುತ್ತವೆ, ಎರಡು ಮೆಟ್ಟಿಲಿನ ನಡುವಿನ ಅಂತರ ಮಾತ್ರ ಬದಲಾಗುವುದಿಲ್ಲ. ಅಳೆಯಬೇಕಾದದ್ದು ಆ ಅಂತರವನ್ನು. 2 ಪರ್ಸೆಂಟ್ ಜೆಲ್, ಕಡಿಮೆ ವೋಲ್ಟೇಜ್, ಅವಸರ ಬೇಡ. ಅವಸರ ಮಾಡಿದರೆ ನಾಲ್ಕನೆಯ ಮೆಟ್ಟಿಲಿನ ಮೇಲೆ ಎಲ್ಲಾ ಕಲಸಿಹೋಗುತ್ತದೆ.

ಐಕ್ಯಾಡ್ ಇಲ್ಲದ ಭ್ರೂಣದ ಲೇನ್ ಖಾಲಿ. ಎಚ್‌99 ಲೇನ್ ಖಾಲಿ. ಆರ್‌ಪಿ49 ಬ್ಯಾಂಡ್ ಎಲ್ಲದರಲ್ಲೂ ಒಂದೇ ಸಮ. ಕ್ಯಾಸ್ಪೇಸ್ ಏಳದಿದ್ದರೂ ಏಣಿ ಇಲ್ಲ, ಕ್ಯಾಡ್ ತಯಾರಾಗದಿದ್ದರೂ ಏಣಿ ಇಲ್ಲ. ಅರೆದದ್ದು ಎಲ್ಲವನ್ನೂ ಒಂದೇ ರೀತಿ. ಒನಕೆಯ ಮೇಲೆ ಹಾಕಿದ ಆರೋಪ ಅಲ್ಲಿಗೆ ಮುಗಿಯಿತು. ಇನ್ನೂ ಅನುಮಾನ ಇದ್ದವರಿಗಾಗಿ ಡಿಎನ್‌ಎಗೆ ಮೊದಲು ಆಲ್ಕಲೈನ್ ಫಾಸ್ಫಟೇಸ್ ಹಾಕಿ, ಅದನ್ನು ತೆಗೆದು, ಆಮೇಲೆ ಅಡಾಪ್ಟರ್ ಕೂಡಿಸಿದೆ. 5' ಫಾಸ್ಫೇಟ್ ಹೋಯಿತು, ಏಣಿಯೂ ಹೋಯಿತು. ಲ್ಯಾಬ್ ಮೀಟಿಂಗಿನಲ್ಲಿ ಎಲ್ಲರನ್ನೂ ಒಪ್ಪಿಸಿದ್ದು ಈ ಒಂದು ಲೇನ್. ಖರ್ಚು ಏನೂ ಇಲ್ಲ, ಫಾಸ್ಫಟೇಸ್ ಎಲ್ಲಾ ಲ್ಯಾಬಿನಲ್ಲೂ ಇರುತ್ತದೆ. ಎಲ್‌ಎಂ‌-ಪಿಸಿಆರ್ ಮಾಡುವ ಪ್ರತಿಯೊಬ್ಬರೂ ಇದನ್ನು ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಸುತ್ತಿನ ಲೆಕ್ಕದಲ್ಲಿ ಬಿಗಿಯಾಗಿರಿ. 22ರಿಂದ 25ರ ಒಳಗೆ ನಿಲ್ಲಿಸಿ. 30 ದಾಟಿಸಿದರೆ ಎಚ್‌99ನಲ್ಲೂ ಏನೋ ಒಂದು ಮಸುಕು ಬರುತ್ತದೆ, ಹೋಲಿಕೆಗೆ ಅರ್ಥ ಉಳಿಯುವುದಿಲ್ಲ. ಲೈಗೇಸ್ ಬಫರನ್ನು ಬಂದ ದಿನವೇ ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡಿ. ಅದರಲ್ಲಿರುವ ಎಟಿಪಿ ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಹಾಳಾಗುತ್ತದೆ. ನಮ್ಮಲ್ಲಿ ಏಣಿ ಮಂಕಾದಾಗಲೆಲ್ಲ ಹತ್ತಕ್ಕೆ ಎಂಟು ಸಲ ಕಾರಣ ಇದೇ.

ನಡುವೆ ಒಬ್ಬರು ಸಲಹೆ ಕೊಟ್ಟರು: ತುದಿ ರಿಪೇರಿ ಮಾಡುವ ಕಿಟ್ ಹಾಕಿ, ಅಡಾಪ್ಟರ್ ಇನ್ನೂ ಚೆನ್ನಾಗಿ ಕೂರುತ್ತದೆ. ಮಾಡಿ ನೋಡಿದೆ. ಏಣಿ ಮುಳುಗಿ ಸ್ಮಿಯರ್ ಎದ್ದು ನಿಂತಿತು. ಆ ಕಿಟ್‌ನಲ್ಲಿರುವ ಕೈನೇಸ್ ಎಲ್ಲಾ 5' ಒಎಚ್‌ಗೂ ಫಾಸ್ಫೇಟ್ ಹಚ್ಚುತ್ತದೆ. ಇಷ್ಟು ಹೊತ್ತು ಕಾಣದೆ ಇದ್ದ ಡಿಎನ್‌ಎಸ್‌-2 ತುಂಡುಗಳು, ಅರೆಯುವಾಗ ಮುರಿದ ತುಂಡುಗಳು, ಎಲ್ಲವೂ ಪಿಸಿಆರ್‌ಗೆ ಬಂದವು. ಏಣಿಗೆ ಇದು ಕೆಟ್ಟದ್ದು. ಆದರೆ ನನಗೆ ಒಂದು ಉಪಾಯ ಸಿಕ್ಕಿತು. ಅದೇ ಡಿಎನ್‌ಎಯನ್ನು ಕೈನೇಸ್ ಹಾಕಿ ಒಂದು ಸಲ, ಹಾಕದೆ ಒಂದು ಸಲ ಮಾಡಿದರೆ, ಕ್ಯಾಡಿನ ಕಡಿತ ಎಷ್ಟು, ಉಳಿದ ಕಡಿತ ಎಷ್ಟು ಎಂದು ಅಂದಾಜು ಸಿಗುತ್ತದೆ. ಬಫರ್ ಬದಲಿಸಿದಾಗ ನಿಜವಾಗಿ ಏನು ಉಪಯೋಗವಾಯಿತು ಎಂದು ನಾನು ಅಳೆಯುವುದು ಈಗ ಹೀಗೆ.

ಡಿಎನ್‌ಎಸ್‌-2 ಮ್ಯೂಟೆಂಟ್ ಭ್ರೂಣಗಳಲ್ಲೂ ಮಾಡಿ ನೋಡಿದೆ. ಏಣಿ ಮಾಮೂಲಿಗಿಂತ ಜೋರಾಗಿ ಬಂತು. ನಗಾಟಾ ಗುಂಪು 2002ರಲ್ಲಿ ಕಂಡದ್ದೂ ಹೀಗೇ. ನಾನು ಅದನ್ನು ಅರ್ಥ ಮಾಡಿಕೊಳ್ಳುವುದು ಹೀಗೆ: ಸತ್ತ ಕೋಶವನ್ನು ನುಂಗಿದ ಕೋಶ ತನ್ನ ಲೈಸೋಸೋಮಿನಲ್ಲಿ ಡಿಎನ್‌ಎಸ್‌-2ರಿಂದ ಉಳಿದದ್ದನ್ನೆಲ್ಲಾ ಜೀರ್ಣ ಮಾಡುತ್ತದೆ. ಆ ಕೆಲಸ ನಿಂತರೆ ಕ್ಯಾಡ್ ಮಾಡಿದ ತುಂಡುಗಳು ಹಾಗೇ ರಾಶಿ ಬೀಳುತ್ತವೆ. ಅವರ ನೊಣಗಳಲ್ಲಿ ಆ ಉಳಿಕೆ ಡಿಎನ್‌ಎಯಿಂದ ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ಡಿಪ್ಟೆರಿಸಿನ್, ಅಟಾಸಿನ್ ಜೀನ್‌ಗಳು ಬ್ಯಾಕ್ಟೀರಿಯಾ ಇಲ್ಲದೆಯೇ ಎದ್ದವು. ಐಕ್ಯಾಡ್ ಕೂಡ ಇಲ್ಲದಿದ್ದರೆ ಇನ್ನೂ ಜಾಸ್ತಿ. ಕಸ ವಿಲೇವಾರಿ ಆಗದಿದ್ದರೆ ನೊಣ ತನ್ನದೇ ಡಿಎನ್‌ಎಯನ್ನು ಸೋಂಕು ಎಂದು ತಿಳಿಯುತ್ತದೆ.

ಆ ಉತ್ಸಾಹದಲ್ಲಿ ಅಂಡಾಶಯಕ್ಕೂ ಕೈ ಹಾಕಿದೆ. ಯೀಸ್ಟ್ ಪೇಸ್ಟ್ ತಿಂದ ಹೆಣ್ಣು ನೊಣಗಳು ಒಂದು ಗುಂಪು, ಯೀಸ್ಟ್ ಇಲ್ಲದ ಆಹಾರದಲ್ಲಿ ಒಂದೆರಡು ದಿನ ಬಿಟ್ಟವು ಇನ್ನೊಂದು. ಪ್ರೊಟೀನ್ ಸಿಗದಿದ್ದರೆ ಎಂಟನೆಯ ಹಂತದ ಹತ್ತಿರ ಅಂಡಕೋಶಗಳು ಕ್ಯಾಸ್ಪೇಸ್ ದಾರಿಯಲ್ಲಿ ಸಾಯುತ್ತವೆ ಎಂಬುದು ಗೊತ್ತಿರುವ ವಿಷಯ. ಯೀಸ್ಟ್ ಇಲ್ಲದ ಗುಂಪಿನ ಏಣಿ ಕಣ್ಣಿಗೆ ಹೊಡೆಯುವಷ್ಟು ಚೆನ್ನಾಗಿತ್ತು. ತಿಂದ ಗುಂಪಿನಲ್ಲಿ ಬಹಳ ಮಸುಕು. ಹತ್ತು ಜೊತೆ ಅಂಡಾಶಯ ಸಾಕಾಯಿತು, ಭ್ರೂಣ ಹೆಕ್ಕುವ ಕಷ್ಟವೂ ಇಲ್ಲ. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಇದನ್ನೇ ಮಾಡಿಸುತ್ತೇನೆ. ವಿಧಾನ ಕೈಗೆ ಹತ್ತಿದೆಯೋ ಇಲ್ಲವೋ ಮೂರು ದಿನದಲ್ಲಿ ಗೊತ್ತಾಗುತ್ತದೆ.

ಡಿಎನ್‌ಎಸ್‌-2 ಮ್ಯೂಟೆಂಟಿನ ಅಂಡಾಶಯವನ್ನು ಡ್ಯಾಪಿ (ಡಿಎನ್ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ) ಹಾಕಿ ನೋಡಿ, ಅದಕ್ಕೆ ಪಿಸಿಆರ್ ಕೂಡ ಬೇಡ. ಹದಿನಾಲ್ಕನೆಯ ಹಂತದ ಮೊಟ್ಟೆಯಲ್ಲಿ ಮೊಟ್ಟೆಗೆ ಪೋಷಣೆ ಕೊಟ್ಟ ಹದಿನೈದು ನರ್ಸ್ ಕೋಶಗಳ ನ್ಯೂಕ್ಲಿಯಸ್ ಮಾಯವಾಗಿರಬೇಕು. ಇಲ್ಲಿ ಮೊಟ್ಟೆಯ ಮುಂದಿನ ತುದಿಯಲ್ಲಿ, ಎರಡು ರೆಕ್ಕೆಯಂಥ ಎಳೆಗಳ ಬುಡದಲ್ಲಿ, ನೀಲಿ ಉಂಡೆಗಳು ಹಾಗೇ ಉಳಿದಿರುತ್ತವೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಲಿಗೊ ಎರಡೂ ಸೇರಿ ಟನೆಲ್ ಕಿಟ್‌ನ ಬೆಲೆಯ ಇಪ್ಪತ್ತರಲ್ಲಿ ಒಂದು ಭಾಗವೂ ಇಲ್ಲ, ನೂರಾರು ರಿಯಾಕ್ಷನ್‌ಗೆ ಬರುತ್ತದೆ. ಲೈಗೇಸ್, ಸಾಮಾನ್ಯ ಟ್ಯಾಕ್ ಹೇಗೂ ಇರುತ್ತವೆ. ವ್ಯರ್ಥವಾದದ್ದು ಹಾಟ್‌ಸ್ಟಾರ್ಟ್ ಟ್ಯಾಕ್, ಕಾಲಂಗಳು, ರಿಪೇರಿ ಕಿಟ್. ಈ ಮೂರರ ಹಣದಲ್ಲಿ ಇಡೀ ಕೆಲಸವನ್ನು ನಾಲ್ಕೈದು ಸಲ ಮಾಡಬಹುದಿತ್ತು. ಆದರೆ ಟನೆಲ್ ಬೇಡವೇ ಬೇಡ ಎನ್ನುವುದಿಲ್ಲ. ಯಾವ ಕೋಶ ಸಾಯುತ್ತಿದೆ ಎಂದು ಜಾಗ ತೋರಿಸಬೇಕಾದರೆ ಟನೆಲ್ ಬೇಕು. ಅರೆದ ಮೇಲೆ ಜಾಗ ಸಿಗುವುದಿಲ್ಲ.

ಈಗ ಇದೇ ವಿಧಾನವನ್ನು ಲಾರ್ವಾದ ರೆಕ್ಕೆ ಡಿಸ್ಕಿಗೆ (ಮುಂದೆ ರೆಕ್ಕೆಯಾಗುವ ಅಂಗಾಂಶಕ್ಕೆ) ಇಳಿಸುತ್ತಿದ್ದೇನೆ. ಪೂರ್ತಿ ಬೆಳೆದ ಒಂದು ಡಿಸ್ಕಿನಲ್ಲಿ ಮೂವತ್ತರಿಂದ ಐವತ್ತು ಸಾವಿರ ಕೋಶ, ಅಂದರೆ ಹತ್ತು ಹದಿನೈದು ನ್ಯಾನೋಗ್ರಾಂ ಡಿಎನ್‌ಎ. ಹತ್ತು ಡಿಸ್ಕಿನವರೆಗೆ ಏಣಿ ಬಂದಿದೆ, ಐದಕ್ಕೆ ಇಳಿಸಿದರೆ ಮೇಲಿನ ಮೆಟ್ಟಿಲುಗಳು ಹೋಗುತ್ತಿವೆ. ಎಥನಾಲ್‌ನಲ್ಲಿ ಡಿಎನ್‌ಎ ಇಳಿಸುವಾಗ ಗ್ಲೈಕೋಜನ್ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿದೆ. ಒಂದೇ ಡಿಸ್ಕಿನಿಂದ ಯಾರಾದರೂ ತೆಗೆದಿದ್ದರೆ, ಲೈಗೇಷನ್ ಎಷ್ಟು ಮೈಕ್ರೋಲೀಟರ್‌ನಲ್ಲಿ ಮಾಡಿದಿರಿ ಎಂದು ತಿಳಿಸಿ.